ಉತ್ತರ ಸರಿ, ಕಾರಣ ಹೇಳು

ಪದಬಂಧದ ಕೊನೆಯ ಮನೆ ತುಂಬಿದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ತುಂಬಿದ್ದನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳುವ ಕೆಲಸ ಅದು. ಆ ಉತ್ತರ ಹೇಗೆ ಬಂತು, ಸುಳಿವಿನ ಯಾವ ಮಾತು ದಾರಿ ತೋರಿಸಿತು, ಯಾವ ಮಾತು ದಾರಿ ತಪ್ಪಿಸಲೆಂದೇ ಕೂತಿತ್ತು, ಎಲ್ಲ ಉತ್ತರಗಳನ್ನೂ ಪೋಣಿಸಿದ ಎಳೆ ಎಲ್ಲಿತ್ತು ಎಂಬುದನ್ನೆಲ್ಲ ಬಾಯಿಬಿಟ್ಟು ಹೇಳುವವರೆಗೆ ಪದಬಂಧ ಮುಗಿಯಿತೆಂದು ನನಗೆ ಅನ್ನಿಸುವುದೇ ಇಲ್ಲ.

ಈ ಹಟವನ್ನು ಕಲಿಸಿದವರು ಶಿವಮೊಗ್ಗದ ನಮ್ಮ ಬೀದಿಯ ಮೇಷ್ಟ್ರು. ನಿವೃತ್ತರಾದ ಕನ್ನಡ ಪಂಡಿತರು. ಬೆಳಗಿನ ಕಾಫಿ ಆದಮೇಲೆ ಜಗಲಿಯಲ್ಲಿ ಪೇಪರನ್ನು ನಾಲ್ಕು ಮಡಿಕೆ ಮಾಡಿ, ಪದಬಂಧದ ಭಾಗವಷ್ಟೇ ಮೇಲೆ ಕಾಣುವಂತೆ ತೊಡೆಯ ಮೇಲಿಟ್ಟುಕೊಂಡು ಕೂರುವರು. ಬೀದಿಯ ಮಕ್ಕಳು ಸುತ್ತ ಸೇರಿದರೆ ಒಂದೊಂದೇ ಸುಳಿವು ಓದುವರು. ಉತ್ತರ ಕೂಗಿದವರಿಗೆ ಕೂಡಲೇ ಶಹಬ್ಬಾಸ್ ಸಿಗುತ್ತಿರಲಿಲ್ಲ. "ಉತ್ತರ ಸರಿ, ಕಾರಣ ಹೇಳು" ಅನ್ನುವರು. ಕಾರಣ ಹೇಳಲು ಬಾರದ ಉತ್ತರವನ್ನು ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿಡುವರು; ಕಾರಣ ಸಿಕ್ಕ ಮೇಲೆ ಅದರ ಮೇಲೇ ಪೆನ್ನು ಓಡಿಸುವರು. ಊಹೆಗೂ ತಿಳಿವಿಗೂ ಇರುವ ಅಂತರವನ್ನು ನಾನು ಮೊದಲು ಕಂಡದ್ದು ಆ ಪುಟ್ಟ ಚೌಕಗಳಲ್ಲಿ.

ದಿನಪತ್ರಿಕೆಯ ಪದಬಂಧದಲ್ಲಿ ಸಾಮಾನ್ಯವಾಗಿ ಉತ್ತರಗಳಿಗೆ ಪರಸ್ಪರ ನಂಟು ಇರುವುದಿಲ್ಲ. ಒಂದು ಕಡೆ ಅಡಿಗೆಮನೆಯ ಸಾಮಾನು, ಅದರ ಪಕ್ಕದಲ್ಲೇ ಮಹಾಭಾರತದ ವೀರ. ಆದರೆ ಕೆಲವು ದಿನ ರಚಿಸಿದವರು ಒಂದೇ ವಿಷಯವನ್ನು ಹಿಡಿದು ಇಡೀ ಬಂಧವನ್ನು ನೇಯುತ್ತಾರೆ. ಕೋಲಾರ ಜಿಲ್ಲೆಯ ಅ.ನಾ. ಪ್ರಹ್ಲಾದರಾವ್ ಕನ್ನಡದಲ್ಲಿ ಹತ್ತಾರು ಸಾವಿರ ಪದಬಂಧಗಳನ್ನು ರಚಿಸಿ ಲಿಮ್ಕಾ ದಾಖಲೆ ಪುಸ್ತಕ ಸೇರಿದವರು. ಬರೀ ಸಿನಿಮಾ ವಿಷಯದ ಮೇಲೆಯೇ ಪದಬಂಧಗಳನ್ನು ಕಟ್ಟಿದ್ದಾರೆ. ಈಚೆಗೆ ನಾನು ಬಿಡಿಸಿದ ಒಂದು ಪದಬಂಧದ ವಿಷಯ ನದಿ. ಹಾಗೆಂದು ತಲೆಬರಹದಲ್ಲಿ ಎಲ್ಲೂ ಇರಲಿಲ್ಲ. ವಿಷಯವನ್ನು ಮುಚ್ಚಿಟ್ಟು ಬಿಡಿಸುವವರ ಕೈಯಿಂದಲೇ ಹೊರತೆಗೆಸುವುದು ಇಂಥ ಪದಬಂಧದ ಸೊಗಸು. ಅದನ್ನು ಬಿಡಿಸುವಾಗ ಪಕ್ಕದಲ್ಲಿ ಕೂತಿದ್ದವಳು ರಜೆಗೆ ಬಂದಿದ್ದ ನನ್ನ ಅಣ್ಣನ ಮಗಳು. ಎಂಟನೆಯ ತರಗತಿ, ಶಾಲೆಯಲ್ಲಿ ಕನ್ನಡ ಅವಳಿಗೆ ಎರಡನೆಯ ಭಾಷೆ.

ಎಡದಿಂದ ಬಲಕ್ಕೆ ಮೊದಲ ಸುಳಿವು: "ಸಿಂಹಾಸನದೊಳಗೆ ಸಿಕ್ಕ ಊರು (3)." ಸಿಂಹಾಸನ ಎಂದೊಡನೆ ಮನಸ್ಸು ಮೈಸೂರಿಗೆ, ಅರಮನೆಗೆ, ದಸರಾಕ್ಕೆ ಓಡುತ್ತದೆ. ಅಲ್ಲಿಗೆ ಓಡಲಿ ಎಂದೇ ಆ ಮಾತನ್ನು ಆರಿಸಿರುವುದು. ಮೈಸೂರಿಗೂ ಮೂರೇ ಮನೆ ಬೇಕು ಎಂಬುದು ಇನ್ನೂ ಕಾಡುವ ಸಂಗತಿ. ಆದರೆ ಸುಳಿವಿನ ಬೀಗ ಇರುವುದು "ಒಳಗೆ" ಎಂಬಲ್ಲಿ. ಸಿಂ-ಹಾ-ಸ-ನ. ಮೊದಲ ಅಕ್ಷರವನ್ನು ಬೆರಳಿನಿಂದ ಮುಚ್ಚಿದರೆ ಹಾಸನ. "ಅಯ್ಯೋ, ಕಣ್ಣೆದುರಿಗೇ ಇತ್ತಲ್ಲ ಅತ್ತೆ!" ಎಂದಳು ಹುಡುಗಿ. ಒಳ್ಳೆಯ ಸುಳಿವು ಏನನ್ನೂ ಬಚ್ಚಿಡುವುದಿಲ್ಲ. ಎಲ್ಲವನ್ನೂ ಮುಂದಿಟ್ಟು, ನಮ್ಮ ಕಣ್ಣನ್ನು ಬೇರೆ ಕಡೆಗೆ ತಿರುಗಿಸುತ್ತದೆ.

ಮುಂದಿನದು: "ವಿಷ್ಣುವೇ, ನೀರಿನಂತೆ ಸಾಗು (2)." ಇದು ಹರಿ. ದೇವರ ಹೆಸರೂ ಹೌದು, ಹರಿಯುವ ನೀರಿಗೆ ಹೇಳುವ ಮಾತೂ ಹೌದು. ಎರಡು ಅರ್ಥಗಳು ಒಂದೇ ರೂಪದಲ್ಲಿ ಬಂದು ಕೂಡಿದ ಮೇಲೆ ಉತ್ತರದ ಬಗ್ಗೆ ಅನುಮಾನ ಉಳಿಯುವುದಿಲ್ಲ. ಅದರ ಕೆಳಗೆ "ಲಕ್ಷ್ಮಿ ಹಿಂದಿರುಗಿ ನೋಡಿದರೆ ಮಗ (2)." ಲಕ್ಷ್ಮಿಗೆ ಹತ್ತಾರು ಹೆಸರು. ಎರಡು ಅಕ್ಷರದ್ದು ಎಂದರೆ ಸಿರಿ, ಪದ್ಮಾ, ರಮಾ. ಹಿಂದಿರುಗಿಸಿದಾಗ ಮಗನಾಗುವುದು ರಮಾ ಮಾತ್ರ: ಮಾರ. ಮಾರ ಎಂದರೆ ಮನ್ಮಥ, ಪುರಾಣದಲ್ಲಿ ಲಕ್ಷ್ಮಿಯ ಮಗನೇ. ತಾಯಿಯ ಹೆಸರು ತಿರುಗಿ ಮಗನಾಗುವುದು ಭಾಷೆಯೊಳಗೆ ಎಂದಿನಿಂದಲೋ ಇದ್ದ ಆಕಸ್ಮಿಕ. ಅದನ್ನು ಕಂಡು ಎತ್ತಿ ತಂದು ಸುಳಿವಾಗಿಸಿದ್ದು ರಚಿಸಿದವರ ಪ್ರತಿಭೆ. ಇಂಥ ಕಡೆ ನಾನು ಪೆನ್ನು ಕೆಳಗಿಟ್ಟು ಅವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಕನ್ನಡದಲ್ಲಿ ತಿರುಗಿಸುವುದು ಅಕ್ಷರ ಅಕ್ಷರವಾಗಿ ನಡೆಯುತ್ತದೆ. ದೀರ್ಘ ತನ್ನ ಅಕ್ಷರದ ಜೊತೆಗೇ ಪ್ರಯಾಣ ಮಾಡುತ್ತದೆ, ಒತ್ತು ತನ್ನ ಅಕ್ಷರವನ್ನು ಬಿಟ್ಟು ಹೋಗುವುದಿಲ್ಲ. ಹಾಗಾಗಿ ತಿರುಗಿಸಿದ ಪದವನ್ನು ಬಾಯಲ್ಲಿ ಹೇಳಬಹುದು, ಕಿವಿಯಲ್ಲಿ ಹಿಡಿಯಬಹುದು. ವಾಲ್ಮೀಕಿ "ಮರಾ ಮರಾ" ಎಂದು ಜಪಿಸುತ್ತ ಹೋಗಿ ಅದು "ರಾಮ ರಾಮ" ಆಯಿತೆಂಬ ಕಥೆ ನಡೆಯುವುದು ಈ ಗುಣದಿಂದಲೇ. ಇದನ್ನು ಹೇಳುತ್ತಿದ್ದಂತೆ ಹುಡುಗಿ ಮುಂದಿನ ಸುಳಿವನ್ನು ತಾನೇ ಓದಿಕೊಂಡಳು: "ಹೊಳೆ ಹಿಂದಕ್ಕೆ ಹರಿದರೆ ಹಗಲಿರುಳು ಎರಡೂ (2)." ತುಟಿ ಅಲುಗಿಸುತ್ತ ಲೆಕ್ಕ ಹಾಕಿ, "ಹೊಳೆ ಅಂದರೆ ನದಿ, ನದಿ ತಿರುಗಿಸಿದರೆ ದಿನ" ಎಂದಳು. ಕಾರಣದ ಸಮೇತ ಅವಳು ಕೊಟ್ಟ ಮೊದಲ ಉತ್ತರ ಅದು.

ವಿಷಯ ಹೊಳೆದದ್ದು ನಾಲ್ಕು ಮನೆಯ ಒಂದು ಸುಳಿವಿನಲ್ಲಿ: "ಗಡಿಗೆಯ ಬೆಳಕು ಗೋಕಾಕಿನಲ್ಲಿ ಧುಮುಕುತ್ತದೆ." ಗಡಿಗೆ ಎಂದರೆ ಘಟ, ಬೆಳಕು ಎಂದರೆ ಪ್ರಭಾ. ಘಟಪ್ರಭಾ ನದಿ ಗೋಕಾಕ ಜಲಪಾತವಾಗಿ ಬಂಡೆಯ ಅಂಚಿನಿಂದ ಸುಮಾರು 52 ಮೀಟರ್ ಕೆಳಕ್ಕೆ ಬೀಳುತ್ತದೆ. ಸುಳಿವಿನ ಮೊದಲರ್ಧ ಪದವನ್ನು ಒಡೆದು ತೋರಿಸುತ್ತದೆ, ಎರಡನೆಯ ಅರ್ಧ ಭೂಗೋಳದಿಂದ ಅದನ್ನು ಖಚಿತಪಡಿಸುತ್ತದೆ. ಆಗ ಹಿಂದೆ ತುಂಬಿದ್ದೆಲ್ಲ ಬೇರೆ ರೀತಿಯಲ್ಲಿ ಕಾಣತೊಡಗಿತು. ಹರಿ ಎಂಬಲ್ಲಿ ನೀರಿತ್ತು, ದಿನ ಎಂಬುದರ ಬೆನ್ನಿಗೇ ನದಿ ಇತ್ತು, ಹಾಸನದಲ್ಲಿ ಹೇಮಾವತಿ ಹರಿಯುತ್ತಿದ್ದಳು. "ಇದು ನದಿಗಳ ಪದಬಂಧ!" ಎಂದು ಇಬ್ಬರೂ ಒಟ್ಟಿಗೇ ಕೂಗಿದೆವು.

ವಿಷಯ ಗೊತ್ತಾದ ಮೇಲೆ ಕೆಲಸ ಸುಲಭ ಅನ್ನಿಸುತ್ತದೆ. "ರಾಮನ ಬಾಣ ಹರಿಸಿದ ನೀರು (4)" ಎಂದರೆ ಶರಾವತಿ. ಅಂಬುತೀರ್ಥದಲ್ಲಿ ರಾಮ ಬಾಣ ಬಿಟ್ಟು ನೀರು ಚಿಮ್ಮಿಸಿದ ಎಂಬ ಐತಿಹ್ಯ ತೀರ್ಥಹಳ್ಳಿಯ ಕಡೆಯವರಿಗೆಲ್ಲ ಗೊತ್ತು. "ಪಾಪ ಕಳೆದು ಕಡಲು ಸೇರುವವಳು (5)" ಎಂದರೆ ಅಘನಾಶಿನಿ. ಆದರೆ ನಾಡಿನ ನದಿಗಳಲ್ಲಿ ವತಿ ಎಂದು ಕೊನೆಯಾಗುವವು ಎಷ್ಟೊಂದು! ಶರಾವತಿ, ನೇತ್ರಾವತಿ, ವೇದಾವತಿ, ಹೇಮಾವತಿ, ಅರ್ಕಾವತಿ: ಎಲ್ಲಕ್ಕೂ ನಾಲ್ಕೇ ಮನೆ, ಎಲ್ಲಕ್ಕೂ ಕೊನೆಯ ಎರಡು ಅಕ್ಷರ ಒಂದೇ. ವಿಷಯ ಅರ್ಧ ಉತ್ತರವನ್ನು ಕೈಗಿತ್ತು ಉಳಿದರ್ಧಕ್ಕೆ ಮತ್ತೆ ಸುಳಿವಿನ ಬಳಿಗೇ ಕಳಿಸುತ್ತದೆ.

ರಚಿಸಿದವರು ಈ ಸಾಲನ್ನು ಚೆನ್ನಾಗಿ ಬಲ್ಲವರು. ಮೇಲಿನಿಂದ ಕೆಳಕ್ಕೆ ಒಂದು ಸುಳಿವು "ಹಿಮವಂತನ ಮಗಳು (4)" ಎಂದಿತ್ತು. ಕೊನೆಯ ವ, ತಿ ಎರಡೂ ಆಗಲೇ ಅಡ್ಡಸಾಲುಗಳಿಂದ ಬಂದಿದ್ದವು. ಹುಡುಗಿ "ಹೇಮಾವತಿ" ಎಂದಳು. ಹ ಕಾರ ಇದೆ, ಮ ಕಾರ ಇದೆ, ನದಿಯೂ ಹೌದು. ಮೇಷ್ಟ್ರ ಪ್ರಶ್ನೆಯನ್ನು ನಾನು ಅವಳಿಗೆ ಕೇಳಿದೆ: "ಹಿಮವಂತನಿಗೂ ಹೇಮಾವತಿಗೂ ಏನು ಸಂಬಂಧ, ಕಾರಣ ಹೇಳು ನೋಡೋಣ." ಹೇಮ ಎಂದರೆ ಚಿನ್ನ, ಹಿಮಕ್ಕೂ ಅದಕ್ಕೂ ನಂಟಿಲ್ಲ. ಹಿಮವಂತನ ಮಗಳು ಪಾರ್ವತಿ. ತಂದೆಯ ಹೆಸರಿನಿಂದ ಆಕೆಗೆ ಬಂದ ಹೆಸರು ಹೈಮವತಿ. ಮೊದಲ ಮನೆಯನ್ನು ಅಡ್ಡ ಹಾಯುವ ಸುಳಿವು "ಹಳ್ಳಿಯ ಹುಡುಗ (2)" ಎಂದು ಹೈದನನ್ನು ಕರೆತಂದು ಮಾತನ್ನು ಮುಗಿಸಿತು. ನದಿಗಳ ನಡುವೆ ನಿಂತಿದ್ದ ದೇವಿ ಅವಳು. ವಿಷಯದ ಗುಂಗಿನಲ್ಲಿ ಸುಳಿವಿನ ಮಾತನ್ನು ಮರೆಯಬಾರದು ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕ ಕಲಿಸೀತು?

ಹೀಗೆ ಅಡ್ಡ ಹಾಯುವ ಪದಕ್ಕೆ ಕನ್ನಡ ಪದಬಂಧದಲ್ಲಿ ದೊಡ್ಡ ಅಧಿಕಾರವಿದೆ. ಇಂಗ್ಲಿಷಿನಲ್ಲಿ ಇಪ್ಪತ್ತಾರೇ ಅಕ್ಷರ. ಎರಡು ಪದಗಳು ಎಲ್ಲಾದರೂ ಒಂದು ಕಡೆ ಕೂಡುವುದು ಸುಲಭ. ನಮ್ಮದು ನಲವತ್ತೊಂಬತ್ತು ಅಕ್ಷರಗಳ ವರ್ಣಮಾಲೆ, ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಕ, ಕಾ, ಕಿ, ಕೀ ಎಲ್ಲ ಬೇರೆ ಬೇರೆ ಮನೆಯವರು. ದ್ರಾ ಒಂದೇ ಮನೆಯಲ್ಲಿ ಇಡಿಯಾಗಿ ಕೂರುತ್ತದೆ. ತುಂ ಎಂಬಲ್ಲಿ ಸೊನ್ನೆಗೆ ಪ್ರತ್ಯೇಕ ಮನೆ ಇಲ್ಲ. ಎರಡು ಪದ ಒಂದೇ ಅಕ್ಷರದಲ್ಲಿ ಸಂಧಿಸಬೇಕಾದರೆ ಸ್ವರ, ದೀರ್ಘ, ಒತ್ತು ಮೂರೂ ಹೊಂದಬೇಕು. ಅದಕ್ಕೇ ಕನ್ನಡ ಪದಬಂಧದಲ್ಲಿ ಕಪ್ಪು ಮನೆಗಳು ಹೆಚ್ಚು. ಬಲದಿಂದ ಎಡಕ್ಕೆ, ಕೆಳಗಿನಿಂದ ಮೇಲಕ್ಕೆ ಓದುವ ಸುಳಿವುಗಳೂ ಬರುತ್ತವೆ. ನ್ಯೂಯಾರ್ಕ್ ಟೈಮ್ಸಿನ ವಾರದ ದಿನಗಳ ಪದಬಂಧದಲ್ಲಿ ಅಡ್ಡ ಹದಿನೈದು, ಉದ್ದ ಹದಿನೈದು ಮನೆ. ಪ್ರತಿ ಬಿಳಿ ಮನೆಯೂ ಎರಡು ಪದಗಳಿಗೆ ಸೇರಿರಬೇಕೆಂಬುದು ಅಲ್ಲಿಯ ನಿಯಮ. ಆ ನಿಯಮವನ್ನು ನಮ್ಮ ಲಿಪಿಯಲ್ಲಿ ಪಾಲಿಸುವುದು ಅತಿ ಕಷ್ಟ. ಹಾಗಿರುವಾಗ ಕನ್ನಡದಲ್ಲಿ ವಿಷಯವನ್ನೂ ಹಿಡಿದು, ಸಂಧಿಸುವ ಅಕ್ಷರಗಳನ್ನೂ ಹುಡುಕಿ ದಿನಕ್ಕೊಂದು ಪದಬಂಧ ಕಟ್ಟುವವರ ಶ್ರಮಕ್ಕೆ ನಾವು ಕೊಡುವ ಗೌರವ ಏನೇನೂ ಸಾಲದು.

ಆ ಶ್ರಮದ ಫಲ ಪದಬಂಧದ ನಡುವಿನಲ್ಲಿ ಕಾದಿತ್ತು. ಅಡ್ಡಸಾಲಿನ ಸುಳಿವು: "ಕೂಡಲಿಯಲ್ಲಿ ಇಬ್ಬರು ಒಬ್ಬಳಾದಾಗ (4)." ತುಂಗಭದ್ರಾ. ತುಂ ಎಂಬ ಮೊದಲ ಮನೆಯಿಂದ ಕೆಳಗಿಳಿಯುವ ಸುಳಿವು "ಸ್ನಾನಕ್ಕೆ ಗಂಗೆ, ಪಾನಕ್ಕೆ ಇವಳು (2)." ನಮ್ಮ ಕಡೆಯ ಗಾದೆ ಬಲ್ಲವರಿಗೆ ಇದರಲ್ಲಿ ಕಷ್ಟವೇ ಇಲ್ಲ, ಇರುವುದು ತುಂಗಾ ಎನ್ನಬೇಕೋ ತುಂಗೆ ಎನ್ನಬೇಕೋ ಎಂಬ ಸಂದೇಹ ಮಾತ್ರ. "ಈಶಾನ್ಯದ ಗುಡ್ಡಗಾಡಿನ ಜನ (2)" ಎಂಬ ಅಡ್ಡ ಸುಳಿವಿಗೆ ನಾಗಾ ಬಂದು ದೀರ್ಘವನ್ನು ನಿಶ್ಚಯಿಸಿತು. ಇನ್ನು ಕೊನೆಯ ಮನೆಯ ದ್ರಾ. ಅಲ್ಲಿಗೆ ಮೇಲಿನಿಂದ ಇಳಿದು ಬರುವ ಸುಳಿವು "ಗಟ್ಟಿಗಿತ್ತಿ, ಉಕ್ಕಿನ ಊರಿಗೆ ಹೆಸರು ಕೊಟ್ಟವಳು (2)." ಭದ್ರ ಎಂದರೆ ಗಟ್ಟಿ, ಊರು ಭದ್ರಾವತಿ, ಒಂದು ಕಾಲಕ್ಕೆ ಬೆಂಕಿಪುರವಾಗಿದ್ದದ್ದು, ಉತ್ತರ ಭದ್ರಾ.

ತುಂಬಿದ ಮೇಲೆ ದೂರದಿಂದ ನೋಡಿದೆ. ಒಂದು ಕಡೆಯಲ್ಲಿ ತುಂಗಾ, ಇನ್ನೊಂದು ಕಡೆಯಲ್ಲಿ ಭದ್ರಾ, ಇಬ್ಬರನ್ನೂ ಸೇರಿಸಿ ಅಡ್ಡಲಾಗಿ ಹರಿಯುವ ತುಂಗಭದ್ರಾ. ರಚಿಸಿದವರು ಶಿವಮೊಗ್ಗ ಜಿಲ್ಲೆಯ ಕೂಡಲಿಯ ಸಂಗಮವನ್ನು ಚೌಕಗಳಲ್ಲೇ ಬರೆದುಬಿಟ್ಟಿದ್ದರು. ಇದು ಬರೀ ಉತ್ತರ ತುಂಬಿದವರ ಕಣ್ಣಿಗೆ ಬೀಳದೆ ಹೋಗಬಹುದು. ನಾನು ಇದನ್ನು ಕಂಡದ್ದು ಹುಡುಗಿಗೆ ಒಂದೊಂದೇ ಮನೆ ತೋರಿಸಿ ಕಾರಣ ಹೇಳುವಾಗ. ಎರಡೂ ನದಿ ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ ಹುಟ್ಟುತ್ತವೆ, ಬೇರೆ ಬೇರೆ ದಾರಿ ಹಿಡಿದು ಒಂದು ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗಗಳನ್ನೂ ಇನ್ನೊಂದು ಭದ್ರಾವತಿಯನ್ನೂ ಹಾದು ಮತ್ತೆ ಸೇರುತ್ತವೆ ಎಂದು ಹೇಳುತ್ತಿದ್ದೆ. ಅವಳು ತಲೆ ಎತ್ತಿ, "ಅತ್ತೆ, ಇಲ್ಲೂ ಹಾಗೇ ಸೇರಿವೆಯಲ್ಲ!" ಎಂದಳು. ವಿವರಿಸುವುದು ಬಿಡಿಸುವುದರ ಮುಂದುವರಿಕೆ ಎಂದು ನಾನು ನಂಬುವುದು ಇಂಥ ಕ್ಷಣಗಳಿಂದ. ಒಬ್ಬಳೇ ಇದ್ದರೆ ಪೆನ್ನು ಓಡುತ್ತದೆ. ಕೇಳುವವರು ಇದ್ದರೆ ಕಣ್ಣು ನಿಂತು ನೋಡುತ್ತದೆ.

ವಿಷಯವಿಟ್ಟು ಕಟ್ಟಿದ ಪದಬಂಧ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಹೊರನಾಡಿನ ಎರಡು ಉದಾಹರಣೆ ನನಗೆ ಬಲು ಪ್ರಿಯ. ಲಿವರ್‌ಪೂಲಿನಲ್ಲಿ ಹುಟ್ಟಿದ ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ವಜ್ರದಾಕಾರದ ಮೊದಲ ಪದಬಂಧವನ್ನು ಪ್ರಕಟಿಸಿದ. ಅದರ ಹುಚ್ಚು ಅಮೆರಿಕವನ್ನೆಲ್ಲ ಹಿಡಿದಾಗ ನ್ಯೂಯಾರ್ಕ್ ಟೈಮ್ಸ್ ಅದನ್ನು ವ್ಯರ್ಥ ಕಾಲಹರಣವೆಂದು ಜರೆದಿತ್ತು. ಅದೇ ಪತ್ರಿಕೆ 1942ರ ಫೆಬ್ರುವರಿಯಲ್ಲಿ, ಯುದ್ಧದ ಕತ್ತಲ ದಿನಗಳಲ್ಲಿ ಓದುಗರ ಮನಸ್ಸಿಗೆ ಒಂದು ಆಸರೆ ಬೇಕೆಂದು, ಭಾನುವಾರದ ಪದಬಂಧವನ್ನು ತಾನೇ ಆರಂಭಿಸಿತು. 1950ರಿಂದ ದಿನವೂ ಕೊಡತೊಡಗಿತು. ಈಗ ಅಲ್ಲಿ ಸೋಮವಾರದಿಂದ ಗುರುವಾರದವರೆಗೆ ಮತ್ತು ಭಾನುವಾರ ಪದಬಂಧಕ್ಕೆ ಸಾಮಾನ್ಯವಾಗಿ ಒಂದು ವಿಷಯ ಇರುತ್ತದೆ.

ಮೊದಲ ಉದಾಹರಣೆ ಅದೇ ಪತ್ರಿಕೆಯದು. 1996ರ ನವೆಂಬರ್ 5, ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ದಿನ. ಜೆರೆಮಯಾ ಫ್ಯಾರೆಲ್ ಎಂಬ ಗಣಿತದ ಪ್ರಾಧ್ಯಾಪಕರು ರಚಿಸಿದ ಪದಬಂಧದ ನಡುಸಾಲಿನ ಸುಳಿವು ನಾಳೆಯ ಪತ್ರಿಕೆಯ ಮುಖ್ಯ ಸುದ್ದಿ ಯಾವುದು ಎಂದು ಕೇಳುತ್ತಿತ್ತು. ಕ್ಲಿಂಟನ್ ಗೆದ್ದರು ಎಂದು ಕೆಲವರು ತುಂಬಿದರು. ಎಣಿಕೆಗೆ ಮುಂಚೆಯೇ ಪತ್ರಿಕೆ ಫಲಿತಾಂಶ ಹೇಳಿದ್ದೇಕೆ ಎಂದು ಸಿಟ್ಟಿನಿಂದ ಪತ್ರಿಕೆಗೆ ಕರೆಗಳೂ ಬಂದವು. ಆದರೆ ಅದೇ ಮನೆಗಳಲ್ಲಿ ಎದುರಾಳಿ ಬಾಬ್ ಡೋಲ್ ಎಂಬ ಹೆಸರೂ ಅಷ್ಟೇ ಸರಿಯಾಗಿ ಕೂರುತ್ತಿತ್ತು. ಮೇಲಿನಿಂದ ಇಳಿಯುವ ಏಳು ಸುಳಿವುಗಳನ್ನೂ ಎರಡೆರಡು ಉತ್ತರ ಬರುವಂತೆ ಫ್ಯಾರೆಲ್ ಹೊಸೆದಿದ್ದರು. ಹ್ಯಾಲೊವೀನ್ ಹಬ್ಬದ ಕಪ್ಪು ಪ್ರಾಣಿ ಎಂಬ ಸುಳಿವಿಗೆ ಕ್ಯಾಟ್ ಎಂದರೆ ಕ್ಲಿಂಟನ್ ಗೆಲ್ಲುತ್ತಾರೆ, ಬ್ಯಾಟ್ ಎಂದರೆ ಡೋಲ್. ಬೆಕ್ಕೂ ಸರಿ, ಬಾವಲಿಯೂ ಸರಿ. ಈ ಪದಬಂಧದಲ್ಲಿ ಒಂದೇ ಸರಿಯುತ್ತರ ಎಂಬುದೇ ಇಲ್ಲ. ಬಿಡಿಸಿ ಹೇಳುವವರು ಇಲ್ಲದಿದ್ದರೆ ಅರ್ಧ ಊರಿಗೆ ಅದರ ಚೆಲುವು ತಿಳಿಯುತ್ತಲೇ ಇರಲಿಲ್ಲ.

ಎರಡನೆಯದು ಇಂಗ್ಲೆಂಡಿನದು. ಪಾದ್ರಿಯಾಗಿದ್ದ ಜಾನ್ ಗ್ರಹಾಂ 1958ರಿಂದ ಗಾರ್ಡಿಯನ್ ಪತ್ರಿಕೆಗೆ ಪದಬಂಧ ಕೊಡುತ್ತಿದ್ದರು; ಅರಾಕೇರಿಯಾ ಎಂಬುದು ಅವರ ಗುಪ್ತನಾಮ. 2013ರ ಜನವರಿಯ ಒಂದು ಪದಬಂಧದ ತಲೆಯಲ್ಲಿ ಅವರು ಒಂದು ಟಿಪ್ಪಣಿ ಬರೆದರು: ಅರಾಕೇರಿಯಾನಿಗೆ ಇಂತಿಷ್ಟನೆಯ ಸಂಖ್ಯೆಯ ಉತ್ತರ ಬಂದಿದೆ, ಅದು ಇಂಥ ಸಂಖ್ಯೆಯ ಜಾಗದಲ್ಲಿದೆ ಎಂದು. ಓದುಗರು ತುಂಬುತ್ತ ಹೋದಂತೆ ಕ್ಯಾನ್ಸರ್ ಎಂಬ ಪದ ಎದ್ದು ಬಂತು, ಅನ್ನನಾಳ ಎಂಬರ್ಥದ ಪದ ಬಂತು. ಕ್ಯಾನ್ಸರ್ ಪದಕ್ಕೆ ಅವರು ಕೊಟ್ಟ ಸುಳಿವು ಬೆಳವಣಿಗೆಯ ಚಿಹ್ನೆ ಎಂಬರ್ಥದ್ದು: ಇಂಗ್ಲಿಷಿನಲ್ಲಿ ಚಿಹ್ನೆಗೂ ರಾಶಿಗೂ ಒಂದೇ ಮಾತು, ಕರ್ಕಾಟಕ ರಾಶಿಗೂ ಆ ರೋಗಕ್ಕೂ ಒಂದೇ ಹೆಸರು, ಬೆಳವಣಿಗೆ ಎಂದರೆ ಗಡ್ಡೆಯೂ ಆಗುತ್ತದೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತಮ್ಮೊಡನೆ ದಿನದ ಆಟ ಆಡಿದವರಿಗೆ ತೊಂಬತ್ತೊಂದರ ಹಿರಿಯರು ತಮ್ಮ ಕಾಯಿಲೆಯ ಸುದ್ದಿಯನ್ನು ತಮಗೆ ಗೊತ್ತಿದ್ದ ಭಾಷೆಯಲ್ಲೇ ಹೇಳಿದರು. ಅದೇ ವರ್ಷದ ನವೆಂಬರಿನಲ್ಲಿ ತೀರಿಕೊಂಡರು. ವಿಷಯ ಎಂಬುದು ರಚಿಸುವವರು ಬಿಡಿಸುವವರಿಗೆ ಬರೆದ ಪತ್ರ ಎಂದು ನನಗೆ ಮನದಟ್ಟಾದದ್ದು ಅವರಿಂದ.

ಗೂಢವಾಗಿ ಹೇಳುವುದು, ಅದನ್ನು ಒಬ್ಬರು ಬಿಡಿಸಿ ತೋರಿಸುವುದು, ಈ ಜೋಡಿ ಕೆಲಸ ಕನ್ನಡಕ್ಕೆ ಹೊಸದಲ್ಲ. ಅಲ್ಲಮನ ಬೆಡಗಿನ ವಚನಗಳಿಗೆ ಮುಂದಿನ ತಲೆಮಾರಿನವರು ಟೀಕೆ ಬರೆದರು. ಕನಕದಾಸರ ಮುಂಡಿಗೆಗಳ ಅರ್ಥವನ್ನು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಹಳ್ಳಿಯ ಒಗಟಿನಲ್ಲಿ ಉತ್ತರ ಹೇಳಿದ ಮೇಲೆ ಹೇಗೆ ಎಂದು ಕೇಳುವ ಅಜ್ಜಿ ಇದ್ದೇ ಇರುತ್ತಾಳೆ. ಟೀಕೆ ಬರೆದವರು ಮೂಲವನ್ನು ಕಿರಿದು ಮಾಡಲಿಲ್ಲ. ಮುಂದಿನವರು ಅದನ್ನು ಓದುವಂತೆ ಮಾಡಿದರು. ದಿನಪತ್ರಿಕೆಯ ಮೂಲೆಯ ಪದಬಂಧ ಅಷ್ಟು ಎತ್ತರದ್ದಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ಅದನ್ನು ಬಿಡಿಸುವ ಮನಸ್ಸು ಅದೇ ಜಾತಿಯದು: ಕಂಡ ಮಾತಿನ ಹಿಂದೆ ಇನ್ನೊಂದು ಮಾತು ಇರಬಹುದೆಂದು ನಂಬಿ, ತಾಳ್ಮೆಯಿಂದ ತಟ್ಟಿ ನೋಡುವ ಮನಸ್ಸು.

ಇಂದು ನಮ್ಮ ಪತ್ರಿಕೆಗಳಲ್ಲಿ ನಿನ್ನೆಯ ಉತ್ತರ ಎಂಬ ತಲೆಬರಹದಡಿ ತುಂಬಿದ ಚೌಕ ಮಾತ್ರ ಅಚ್ಚಾಗುತ್ತದೆ. ಹೈಮವತಿ ಎಂದು ಅಲ್ಲಿ ಕಂಡವರು ಹೌದಾ ಎಂದು ಪುಟ ತಿರುಗಿಸುತ್ತಾರೆ. ಅದರ ಪಕ್ಕದಲ್ಲಿ ಎರಡೇ ಸಾಲಿನ ಕಾರಣ ಇದ್ದರೆ ಒಬ್ಬ ಹುಡುಗಿಗೆ ಒಂದು ಪದ ಮಾತ್ರವಲ್ಲ, ಪದ ಹುಟ್ಟುವ ಬಗೆಯೂ ತಿಳಿಯುತ್ತಿತ್ತು. ಸಂಪಾದಕರು ದಿನಕ್ಕೆ ಒಂದೆರಡು ಸುಳಿವುಗಳಿಗಾದರೂ ಆ ಜಾಗ ಕೊಡಲಿ ಎಂಬುದು ನನ್ನ ಬೇಡಿಕೆ. ಕನ್ನಡ ಪಾಠ ಮಾಡುವ ಶಿಕ್ಷಕರು ವಾರಕ್ಕೊಮ್ಮೆ ಪದಬಂಧವೊಂದನ್ನು ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದ ಕಾರಣ ಹೇಳಿಸಲಿ. ರಜೆ ಮುಗಿಸಿ ಹೊರಟ ನನ್ನ ಅಣ್ಣನ ಮಗಳು ಬೆಂಗಳೂರಿನ ತನ್ನ ಮನೆಯಲ್ಲಿ ಈಗ ಅಪ್ಪನಿಗೆ ಸುಳಿವು ಓದಿ ಹೇಳುತ್ತಾಳಂತೆ. ಅವನು ಥಟ್ಟನೆ ಉತ್ತರ ಕೊಟ್ಟರೆ ಒಪ್ಪುವುದಿಲ್ಲವಂತೆ.

ರಚಿಸಿದವರು ಒಂದು ನದಿಯನ್ನು ದಿನದ ಹಿಂದೆ ಅಡಗಿಸಿಟ್ಟದ್ದು ಯಾರಾದರೂ ಅದನ್ನು ಕಂಡು ಇನ್ನೊಬ್ಬರಿಗೆ ತೋರಿಸಲಿ ಎಂದೇ. ಉತ್ತರ ಹೇಗೂ ನಾಳೆಯ ಪೇಪರಿನಲ್ಲಿ ಬರುತ್ತದೆ. ಕಾರಣವನ್ನು ಬಿಡಿಸಿದವರೇ ಹೇಳಬೇಕು.